ತೂಕ ಇಳಿಕೆ: ಪ್ರಮಾಣವೋ, ಗುಣವೋ?

ಸ್ಥೌಲ್ಯದ ಚಿಕಿತ್ಸೆಗೆ ಬರುವವರಲ್ಲಿ ಎರಡು ಬಗೆಯವರುಂಟು. ‘ಸಕ್ಕರೆ ಬಿಟ್ಟು ಬೆಲ್ಲ ಬಳಸುತ್ತೇವೆ, ಗಾಣದ ಎಣ್ಣೆಯನ್ನೇ ತರುತ್ತೇವೆ, ಆದರೂ ತೂಕ ಇಳಿಯದು’ ಎನ್ನುವವರು ಒಂದು ಬಗೆ. ‘ಕ್ಯಾಲೊರಿ ಎಣಿಸಿಯೇ ತಿನ್ನುತ್ತೇವೆ, ಆದರೆ ಹಸಿವು ತಾಳಲಾಗದು’ ಎನ್ನುವವರು ಮತ್ತೊಂದು ಬಗೆ. ಇಬ್ಬರೂ ಅರ್ಧ ಸತ್ಯವನ್ನಷ್ಟೇ ಹಿಡಿದಿದ್ದಾರೆ.

ಶರೀರವು ವ್ಯಯಿಸುವ ಶಕ್ತಿಗಿಂತ ಆಹಾರದಿಂದ ದೊರೆಯುವ ಶಕ್ತಿ ಕಡಿಮೆಯಾದಾಗ ಮಾತ್ರ ಸಂಚಿತ ಮೇದಸ್ಸು ಕರಗುತ್ತದೆ. 100 ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿಯಿದ್ದರೆ ಬೆಲ್ಲದಲ್ಲಿ ಸುಮಾರು 380. ಎಣ್ಣೆ ಗಾಣದ್ದಾಗಲಿ, ಕಾರ್ಖಾನೆಯದ್ದಾಗಲಿ, ಗ್ರಾಮಿಗೆ 9 ಕ್ಯಾಲೊರಿಯೇ. 2010ರಲ್ಲಿ ಅಮೆರಿಕದ ಪೋಷಣಶಾಸ್ತ್ರದ ಪ್ರಾಧ್ಯಾಪಕ ಮಾರ್ಕ್ ಹಾಬ್ ಅವರು ಹತ್ತು ವಾರ ಬಹುಪಾಲು ಅಂಗಡಿಯ ಸಿಹಿತಿನಿಸುಗಳನ್ನೇ ತಿಂದು, ದಿನಕ್ಕೆ ಸುಮಾರು 1800 ಕ್ಯಾಲೊರಿಯ ಮಿತಿಯಲ್ಲಿದ್ದು, 12 ಕಿಲೋ ಇಳಿಸಿಕೊಂಡರು. ಇದು ಅನುಕರಣೀಯವಲ್ಲ, ಪ್ರಮಾಣದ ನಿಯಮಕ್ಕೆ ಸಾಕ್ಷಿ ಮಾತ್ರ.

ಹಾಗಾದರೆ ಗುಣ ನಿರರ್ಥಕವೇ? ಅಲ್ಲ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರವನ್ನೂ, ಎರಡು ವಾರ ಸಹಜ ಆಹಾರವನ್ನೂ ನೀಡಿದರು. ಬಡಿಸಿದ ಕ್ಯಾಲೊರಿ ಸಮಾನ. ತಿನ್ನುವುದು ಅವರವರ ಇಚ್ಛೆ. ಸಂಸ್ಕರಿತ ಆಹಾರವಿದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು; ತೂಕ ಸರಾಸರಿ 0.9 ಕಿಲೋ ಏರಿತು. ಸಹಜ ಆಹಾರದಲ್ಲಿ ಅಷ್ಟೇ ಇಳಿಯಿತು. ಎಂದರೆ, ತೂಕವನ್ನು ನಿರ್ಧರಿಸುವುದು ಪ್ರಮಾಣ. ಆ ಪ್ರಮಾಣದಲ್ಲಿ ನಮ್ಮನ್ನು ನಿಲ್ಲಿಸುವುದು ಗುಣ.

ಸ್ಥೂಲರಿಗೆ ಹಸಿವು ಅಧಿಕವೆಂಬುದನ್ನು ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಗುರುತಿಸಿದೆ. ಆದುದರಿಂದಲೇ ಅದು ಅವರಿಗೆ ಗುರುವೂ ಅಪತರ್ಪಣವೂ ಆದ ಆಹಾರವನ್ನು ವಿಧಿಸುತ್ತದೆ: ನಿಧಾನವಾಗಿ ಜೀರ್ಣಿಸಬೇಕು, ಆದರೆ ಮೇದಸ್ಸನ್ನು ಬೆಳೆಸಬಾರದು. ಬಾರ್ಲಿ, ಹಾರಕ, ಹೆಸರು, ಹುರುಳಿ ಅಲ್ಲಿ ಹೆಸರಿಸಿದ ಧಾನ್ಯಗಳು.

ಆಚರಣೆ ಸರಳ. ರೊಟ್ಟಿಯ ಸಂಖ್ಯೆಯನ್ನು ಊಟಕ್ಕೆ ಕೂರುವ ಮೊದಲೇ ನಿಶ್ಚಯಿಸಿರಿ. ಕಾಳು, ಸೊಪ್ಪಿನ ಪಲ್ಯ ಹೆಚ್ಚಿರಲಿ. ಶೇಂಗಾ ಹಿಂಡಿ, ಎಣ್ಣೆ, ತುಪ್ಪಗಳನ್ನು ಚಮಚದಿಂದ ಅಳೆದು ಬಳಸಿರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿಯೇ ಸುಮಾರು 120 ಕ್ಯಾಲೊರಿಯಿದೆ. ತಿಂಗಳಿಗೆ ಎರಡು ಕಿಲೋ ಇಳಿದರೆ ಸಾಕು.

ಒಂದು ಎಚ್ಚರಿಕೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಕಡಿತಗೊಳಿಸಬಾರದು. ರಕ್ತದ ಸಕ್ಕರೆ ಅಪಾಯಕರವಾಗಿ ಕುಸಿಯಬಹುದು. ವಯೋವೃದ್ಧರು ಕಾಳು, ಮಜ್ಜಿಗೆಗಳನ್ನು ಬಿಡಬಾರದು, ನಡಿಗೆಯನ್ನೂ ನಿಲ್ಲಿಸಬಾರದು. ಕರಗಬೇಕಾದುದು ಮೇದಸ್ಸು, ಮಾಂಸಖಂಡವಲ್ಲ.