ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ

ಹೆಣ್ಣೆಂಬ ಒಂದೇ ಕಾರಣಕ್ಕೆ ಭ್ರೂಣವನ್ನು ತೆಗೆಸುವುದೂ ಮಹಿಳೆಯರ ಮೇಲಿನ ಹಿಂಸೆಯೇ. 1995ರ ಬೀಜಿಂಗ್ ಮಹಿಳಾ ಸಮ್ಮೇಳನ ಹೀಗೆಂದೇ ಗುರುತಿಸಿತು.

2023ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಒಂದು ಜಾಲವನ್ನು ಭೇದಿಸಿದರು. ಸ್ಕ್ಯಾನಿಂಗ್ ನಡೆಯುತ್ತಿದ್ದುದು ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ. ಕಬ್ಬಿನ ಹಾಲು ಕಾಯಿಸಿ ಬೆಲ್ಲದ ಅಚ್ಚು ಹೊಯ್ಯುವ ಜಾಗದಲ್ಲಿ, ಗರ್ಭಿಣಿಯರನ್ನು ಮಲಗಿಸಿ ಲಿಂಗ ಪತ್ತೆ ಮಾಡಲಾಗುತ್ತಿತ್ತು. ಹೆಣ್ಣೆಂದು ತಿಳಿದರೆ ಮುಂದಿನದು ಗರ್ಭಪಾತ. 2024ರ ಮೇ ತಿಂಗಳಲ್ಲಿ ಅದೇ ಜಿಲ್ಲೆಯ ಪಾಂಡವಪುರದಲ್ಲಿ, ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಇಂಥ ಗರ್ಭಪಾತ ಬೆಳಕಿಗೆ ಬಂತು. ಕಾಯಬೇಕಾದವರ ಅಂಗಳದಲ್ಲೇ ನಡೆದ ಕೃತ್ಯವಿದು.

ಸ್ತ್ರೀವಾದಿ ಚಿಂತನೆ ಯಂತ್ರದ ಹಿಂದಿರುವ ಮನೆಯನ್ನು ನೋಡುತ್ತದೆ. ಮಗಳೆಂದರೆ ವರದಕ್ಷಿಣೆಯ ಖರ್ಚು, ಮಗನೆಂದರೆ ಜಮೀನಿನ ವಾರಸುದಾರ ಎಂಬ ಲೆಕ್ಕವೇ ಇದರ ಬೇರು. ಕರ್ನಾಟಕ 1994ರಲ್ಲೇ, ಆಗಿನ್ನೂ ಮದುವೆಯಾಗಿರದ ಹಿಂದೂ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು. ಆದರೂ ತವರಿನ ನಂಟು ಉಳಿಯಲೆಂದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕತಂಗಿಯರು ಇಂದಿಗೂ ಇದ್ದಾರೆ.

ಇಲ್ಲೊಂದು ಎಚ್ಚರ ಬೇಕು. ಸ್ತ್ರೀವಾದಿಗಳು ಸುರಕ್ಷಿತ ಗರ್ಭಪಾತದ ಹಕ್ಕನ್ನು ವಿರೋಧಿಸುವುದಿಲ್ಲ. ಅದು 1971ರ ಕಾನೂನು ಕೊಟ್ಟ ರಕ್ಷಣೆ. ವಿರೋಧವಿರುವುದು ಲಿಂಗ ಆಯ್ಕೆಗೆ ಮತ್ತು ಅದಕ್ಕಾಗಿ ಹೇರುವ ಒತ್ತಡಕ್ಕೆ. ಭ್ರೂಣಲಿಂಗ ಪತ್ತೆ ನಿಷೇಧದ 1994ರ ಕಾಯ್ದೆ ಈ ಒತ್ತಡವನ್ನು ಒಪ್ಪಿಕೊಂಡಿದೆ. ಬೇರೆಯದು ಸಾಬೀತಾಗದ ಹೊರತು, ಪತಿ ಅಥವಾ ಸಂಬಂಧಿಕರೇ ಗರ್ಭಿಣಿಯನ್ನು ಬಲವಂತಪಡಿಸಿದ್ದಾರೆಂದು ನ್ಯಾಯಾಲಯ ಭಾವಿಸಬೇಕು.