ಟಾನ್ಸಿಲ್ ಬೇನೆ: ಅಲಕ್ಷ್ಯ ಸಲ್ಲದು

ಗಂಟಲಿನ ಇಕ್ಕೆಲಗಳಲ್ಲಿರುವ ಟಾನ್ಸಿಲ್ ಗ್ರಂಥಿಗಳು ಬಾಯಿಯ ಮೂಲಕ ಒಳಹೋಗುವ ರೋಗಾಣುಗಳಿಗೆ ಕಾವಲಿನಂತಿವೆ. ಕೆಲವೊಮ್ಮೆ ಕಾವಲೇ ರೋಗಕ್ಕೆ ತುತ್ತಾಗುವುದುಂಟು. ಗಂಟಲುನೋವು ಬಹುಪಾಲು ವೈರಸ್‌ಗಳಿಂದ ಬಂದು, ಸುಮಾರು ಒಂದು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಸ್ಟ್ರೆಪ್ಟೊಕಾಕಸ್ ಮುಂತಾದ ಬ್ಯಾಕ್ಟೀರಿಯಗಳ ಸೋಂಕು ಗ್ರಂಥಿಯ ಹೊರಪೊರೆಯನ್ನು ದಾಟಿದರೆ, ಪಕ್ಕದಲ್ಲಿ ಕೀವು ತುಂಬಿದ ಬಾವು ಉಂಟಾಗಬಹುದು.

ಈ ಬಾವು ತರುಣರಲ್ಲಿ ಹೆಚ್ಚು. ಪದೇ ಪದೇ ಬರುವ ಟಾನ್ಸಿಲ್ ಬೇನೆ, ಧೂಮಪಾನ, ಹಲ್ಲು ಹಾಗೂ ಒಸಡುಗಳ ಅಶುಚಿತ್ವ ಇವು ಅಪಾಯವನ್ನು ಹೆಚ್ಚಿಸುತ್ತವೆ. ಕೋಲ್ಕತ್ತದಲ್ಲಿ ಡಿಸೆಂಬರ್-ಜನವರಿಯ ಹೊಗೆ ಬೆರೆತ ಮಂಜಿಗೆ ಗಂಟಲು ಕೆರೆಯುವುದು ಸಾಮಾನ್ಯ. ಆದ್ದರಿಂದ ನಿಜವಾದ ರೋಗವನ್ನೂ ಚಳಿಯ ಕೆರೆತವೆಂದು ಕಡೆಗಣಿಸುವ ಸಂಭವವುಂಟು.

ನೋವು ಒಂದೇ ಬದಿಗೆ ಹೆಚ್ಚಿ ಕಿವಿಯವರೆಗೆ ಹಬ್ಬುವುದು, ಬಾಯಿ ತೆರೆಯಲಾಗದಿರುವುದು, ಎಂಜಲು ನುಂಗಲಾಗದೆ ಸೋರುವುದು, ಬಿಸಿ ತುತ್ತನ್ನು ಬಾಯಲ್ಲಿಟ್ಟುಕೊಂಡವರಂತೆ ಮಾತು ಅಸ್ಪಷ್ಟವಾಗುವುದು ಬಾವಿನ ಲಕ್ಷಣಗಳು. ಆಗ ಉಪ್ಪುನೀರು ಮುಕ್ಕಳಿಸುತ್ತ ಕಾಲ ಕಳೆಯದೆ ವೈದ್ಯರನ್ನು ಕಾಣಬೇಕು. 1835ರಲ್ಲಿ ಸ್ಥಾಪನೆಯಾದ ಕಾಲೇಜ್ ಸ್ಟ್ರೀಟಿನ ಮೆಡಿಕಲ್ ಕಾಲೇಜು ಆಸ್ಪತ್ರೆಯೂ ಸೇರಿ, ನಗರದ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಕಿವಿ-ಮೂಗು-ಗಂಟಲು ವಿಭಾಗಗಳಿವೆ. ಕೀವನ್ನು ಸೂಜಿಯಿಂದ ಹೀರಿ ತೆಗೆದು ಔಷಧ ಕೊಟ್ಟರೆ ಬಹುಮಂದಿ ಬೇಗ ಗುಣ ಹೊಂದುತ್ತಾರೆ. ಉಸಿರಾಟಕ್ಕೆ ತೊಡಕಾದರಂತೂ ಕ್ಷಣವೂ ತಡಮಾಡಬಾರದು.

ಸ್ಟ್ರೆಪ್ಟೊಕಾಕಸ್ ಸೋಂಕಿಗೆ ವೈದ್ಯರು ಸಾಮಾನ್ಯವಾಗಿ 10 ದಿನಗಳ ಪೆನ್ಸಿಲಿನ್ ಮಾತ್ರೆಗಳನ್ನು ಬರೆದುಕೊಡುತ್ತಾರೆ. ಮೂರನೆಯ ದಿನಕ್ಕೇ ನೋವು ಇಳಿಯಿತೆಂದು ಅವುಗಳನ್ನು ನಿಲ್ಲಿಸಬಾರದು. ಉಳಿದ ರೋಗಾಣುಗಳಿಂದ, ಮುಖ್ಯವಾಗಿ ಮಕ್ಕಳಲ್ಲಿ, ಎರಡು-ಮೂರು ವಾರಗಳ ಬಳಿಕ ರುಮ್ಯಾಟಿಕ್ ಜ್ವರ ತಲೆದೋರಿ ಹೃದಯದ ಕವಾಟಗಳೇ ಕೆಡಬಹುದು. ಗಂಟಲಿನಲ್ಲಿ ಉಳಿಸಿಕೊಂಡ ರೋಗಕ್ಕೆ ಹೃದಯ ಬೆಲೆ ತೆರುವಂತಾಗಬಾರದು.