ಹೆಸರಿಗೆ ಬಹುವಚನ, ಮಾತಿಗೆ ಏಕವಚನ

ಕುಂಬಾರ, ಬಳೆಗಾರ, ಚಮ್ಮಾರ. ಈ ಮೂರೂ ಪದಗಳ ಬಾಲದಲ್ಲಿರುವುದು ಒಂದೇ 'ಕಾರ', ಎಂದರೆ ಮಾಡುವವನು. ಕುಂಭಕಾರ ಕುಂಬಾರನಾದ, ಚರ್ಮಕಾರ ಚಮ್ಮಾರನಾದ, ಬಳೆಗಾರನ 'ಗಾರ'ವೂ ಅದರದೇ ರೂಪ. ವ್ಯಾಕರಣದ ಮಟ್ಟಿಗೆ ಮಣ್ಣು, ಬಳೆ, ತೊಗಲು ಮೂರೂ ಸಮ. ಹಾಗಾದರೆ ಒಂದು ಪದ ಕಸುಬಿನ ಹೆಸರಾಗಿಯೂ ಇನ್ನೊಂದು ಬೈಗುಳವಾಗಿಯೂ ಕೇಳಿಸುವುದು ಯಾಕೆ?

ನಮ್ಮ ರಾಯಚೂರು ಸೀಮೆಯ ಆಡುಮಾತನ್ನೇ ನೋಡೋಣ. ಇಲ್ಲಿ ಬಡಗಿ 'ಬಡಿಗೇರ', ಅಕ್ಕಸಾಲಿ 'ಪತ್ತಾರ'. ಅವರು ಮನೆಗೆ ಬಂದರೆ 'ಬರ್ರಿ ಪತ್ತಾರ್ರೆ, ಕುಂದರ್ರಿ' ಅಂತಾರೆ. ಆದರೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ, ಚಪ್ಪಲಿ ಹೊಲಿಯುವ ಮುದುಕನನ್ನು ಗೌಡರ ಮನೆಯ ಹುಡುಗ 'ಏ, ಇಲ್ಲಿ ಬಾರೋ' ಎಂದು ಕರೆಯುವುದನ್ನು ನಾನು ಕೇಳಿದ್ದೇನೆ. ಅದೇ ಹುಡುಗ ಬಡಿಗೇರನಿಗೆ 'ಕಾಕಾ' ಅಂತಾನೆ. ಕಾಕಾ, ಮಾವ, ಯಣ್ಣ ಎಂದು ಊರೆಲ್ಲವನ್ನೂ ಹೆಣೆಯುವ ಈ ಸಂಬಂಧದ ಮಾತು ಕೇರಿಯ ಗಡಿಗೆ ಬಂದು ನಿಂತುಬಿಡುತ್ತದೆ. ಅಂದರೆ ಗೌರವ ಇರುವುದು ಮೂರು ಕಡೆ: ಹೆಸರಿನಲ್ಲಿ, ಕ್ರಿಯಾಪದದಲ್ಲಿ, ನಂಟಿನಲ್ಲಿ. ಹೆಸರನ್ನು ಸರ್ಕಾರ ಒಂದು ಆದೇಶದಿಂದ ಬದಲಿಸಬಹುದು. ಉಳಿದೆರಡನ್ನು ಬದಲಿಸುವ ಆದೇಶ ಇಲ್ಲ.

ಕಸುಬು ಹೊಲಸು, ಅದಕ್ಕೇ ಮರ್ಯಾದೆ ಇಲ್ಲ ಎಂಬ ವಾದವೊಂದಿದೆ. ಈ ವಾದ ನಿಲ್ಲುವುದಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿಗೆ ಬಂತು, ಪಂಪ್‌ಸೆಟ್ಟು ಬಂತು. ಬಾವಿಯ ನೀರೆತ್ತುವ ತೊಗಲಿನ ಚೀಲ, ಮಿಣಿಗಳು ಹೋದವು. ಪ್ಲಾಸ್ಟಿಕ್ ಚಪ್ಪಲಿ ಬಂದು ಕೆರ ಹೊಲಿಯುವ ಕೆಲಸವೂ ಬಹುಪಾಲು ಹೋಯಿತು. ಅವಮಾನಕ್ಕೆ ಕಸುಬೇ ಕಾರಣವಾಗಿದ್ದರೆ ಕಸುಬಿನ ಜೊತೆಗೇ ಅದೂ ಹೋಗಬೇಕಿತ್ತು. ತೊಗಲು ಮುಟ್ಟದ ಮೊಮ್ಮಗನಿಗೂ ಅಜ್ಜನ ಕಸುಬಿನ ಹೆಸರೇ ಬೈಗುಳವಾಗಿ ಉಳಿದಿದೆ.

ಪದದ ಅರ್ಥವೂ ಗೌರವವನ್ನು ತೀರ್ಮಾನಿಸುವುದಿಲ್ಲ. 'ದಾಸ' ಎಂದರೆ ಆಳು. ಆದರೂ ಹರಿಕಥಾಮೃತಸಾರ ಬರೆದ ಮಾನ್ವಿಯ ಜಗನ್ನಾಥದಾಸರನ್ನು (1728–1809) ಯಾರೂ ಏಕವಚನದಲ್ಲಿ ಕರೆಯುವುದಿಲ್ಲ. ಅದೇ ಸೀಮೆಯಲ್ಲಿ ಮುತ್ತು ಕಟ್ಟಿಸಿಕೊಂಡ ದಲಿತ ಹೆಣ್ಣುಮಗಳ 'ದಾಸಿ' ಎಂಬ ಹೆಸರು ಅವಮಾನವಾಯಿತು. ಪದ ಒಂದೇ, ಅದನ್ನು ಹೊತ್ತವರ ಜಾತಿ ಮತ್ತು ಲಿಂಗ ಬೇರೆ.

ಹನ್ನೆರಡನೆಯ ಶತಮಾನದ ಶರಣರು ಈ ಗಂಟನ್ನು ಬಿಚ್ಚಲು ನೋಡಿದರು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ಮಡಿವಾಳ ಮಾಚಯ್ಯ: ಕಸುಬಿನ ಹೆಸರನ್ನು ಮುಚ್ಚಿಡದೆ ಅದಕ್ಕೇ 'ಅಯ್ಯ' ಸೇರಿಸಿದರು. ಸಮಗಾರ ಹರಳಯ್ಯನ ಕತೆ ಎಲ್ಲರಿಗೂ ಗೊತ್ತು. ಆತ 'ಶರಣು' ಎಂದಾಗ ಬಸವಣ್ಣ 'ಶರಣು ಶರಣಾರ್ಥಿ' ಎಂದರಂತೆ. ಹೆಚ್ಚಾಗಿ ಬಂದ ಆ ಒಂದು ಶರಣು ಹರಳಯ್ಯನಿಗೆ ಸಾಲವಾಗಿ ಕಂಡಿತು; ಗಂಡ ಹೆಂಡತಿ ತೊಡೆಯ ಚರ್ಮ ತೆಗೆದು ಪಾದರಕ್ಷೆ ಮಾಡಿದರು. ಭಕ್ತಿಯ ಕತೆಯಾಗಿ ಇದನ್ನು ಓದುತ್ತ ಬಂದಿದ್ದೇವೆ. ಒಂದು ನಮಸ್ಕಾರಕ್ಕೆ ತೊಗಲಿನವನು ತನ್ನ ತೊಗಲನ್ನೇ ತೆರಬೇಕೆ ಎಂದು ದಲಿತ ವಿಮರ್ಶೆ ಕೇಳಲೇಬೇಕು. ಮುಂದಿನದು ಇನ್ನೂ ಮುಖ್ಯ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾದಾಗ ಕಲ್ಯಾಣದ ಅರಸೊತ್ತಿಗೆ ಬೀಗರಿಬ್ಬರನ್ನೂ ಕೊಲ್ಲಿಸಿತು ಎಂದು ಪರಂಪರೆ ಹೇಳುತ್ತದೆ. 'ಅಯ್ಯ' ಎಂಬ ಹೆಸರನ್ನು ಸಹಿಸಿಕೊಂಡ ವ್ಯವಸ್ಥೆ ನಂಟನ್ನು ಸಹಿಸಲಿಲ್ಲ.

ಮೇಲಿನಿಂದ ಕೊಟ್ಟ ಹೆಸರುಗಳ ಹಣೆಬರಹವೂ ಇಷ್ಟೇ. ಗಾಂಧೀಜಿಯವರ 'ಹರಿಜನ'ವನ್ನು ಅಂಬೇಡ್ಕರ್ ಒಪ್ಪಲಿಲ್ಲ. ಆ ಪದ ಮಸೂದೆಯೊಂದರಲ್ಲಿ ಬಂದಾಗ 1938ರಲ್ಲಿ ಮುಂಬಯಿ ಶಾಸನಸಭೆಯಿಂದ ಅವರು ತಮ್ಮ ಪಕ್ಷದವರೊಡನೆ ಹೊರನಡೆದರು. 'ಆದಿ ಕರ್ನಾಟಕ', 'ಆದಿ ದ್ರಾವಿಡ' ಘನತೆಯ ಹೆಸರುಗಳೇ. ಆದರೆ 2024ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ, 2025ರಲ್ಲಿ ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ ಒಳಮೀಸಲಾತಿಗಾಗಿ ಸಮೀಕ್ಷೆ ಮಾಡಿದಾಗ ಈ ಹೆಸರುಗಳೇ ತೊಡಕಾದವು. ಅವುಗಳ ಹಿಂದೆ ಇರುವವರು ಎಡಗೈಯೋ ಬಲಗೈಯೋ ತಿಳಿಯದು. ತಿಳಿಯದಿದ್ದರೆ ಪಾಲು ಯಾರಿಗೆ? 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಚಪ್ಪಲಿ ಹೊಲಿಯುವವರನ್ನೂ ಸೇರಿಸಿ 18 ಕಸುಬಿನವರಿಗೆ ಒಂದೇ ಹೆಸರಿಟ್ಟಿತು. ಸಾಲ, ತರಬೇತಿ ಸಿಕ್ಕರೆ ಬೇಡ ಅನ್ನಬೇಕಿಲ್ಲ. ಆದರೆ ಫೈಲಿನಲ್ಲಿ ವಿಶ್ವಕರ್ಮನಾದವನು ಪತ್ತಾರರ ಪಡಸಾಲೆಯಲ್ಲಿ ಕೂರಬಲ್ಲನೇ ಎಂಬ ಪ್ರಶ್ನೆ ಹಾಗೇ ಉಳಿದಿದೆ.

ಇದಕ್ಕೆ ಎದುರಾಗಿ ನೆರೆಯ ಆಂಧ್ರದಲ್ಲಿ 1994ರಲ್ಲಿ ಶುರುವಾದ ಮಾದಿಗ ದಂಡೋರ ಬೇರೆ ದಾರಿ ಹಿಡಿಯಿತು. ಬೈಗುಳವಾಗಿದ್ದ ಹೆಸರನ್ನೇ ಜನ ತಮ್ಮ ಹೆಸರಿನ ಮುಂದೆ ಬರೆದುಕೊಂಡರು, ರೆಡ್ಡಿ, ಶರ್ಮ ಬರೆದುಕೊಂಡ ಹಾಗೆ. ಪದ ಹಳೆಯದೇ, ಆಡುವ ಬಾಯಿ ಬದಲಾಯಿತು. ಇದೇ ಪದವನ್ನು ಹೊರಗಿನವನು ಹೀಯಾಳಿಸಲು ಬಳಸಿದರೆ ಅದು 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. 2015ರ ತಿದ್ದುಪಡಿ ಜಾತಿ ಹೆಸರು ಹಿಡಿದು ಬೈಯುವುದನ್ನು ಸ್ಪಷ್ಟವಾಗಿಯೇ ಹೇಳಿದೆ. ಆದರೆ ಮುದುಕನಿಗೆ 'ಬಾರೋ' ಅಂದದ್ದಕ್ಕೆ ಯಾವ ಕಲಮು ಹಾಕುವುದು?

ಅಲ್ಲಿ ಕೆಲಸವಿರುವುದು ಬರೆಯುವವರಿಗೆ, ಸಂಘಟನೆಯವರಿಗೆ. ನಮ್ಮ ಕತೆಗಳಲ್ಲಿ ಗೌಡರು 'ಬಂದರು', ಚಮ್ಮಾರ 'ಬಂದ'. ಹೀಗೆ ಬರೆಯುವವನು ಪಾತ್ರವಲ್ಲ, ನಿರೂಪಕ. ಪ್ರಗತಿಪರರ ಬರಹದಲ್ಲೂ ಇದು ತಪ್ಪಿಲ್ಲ. ವಿದ್ಯಾರ್ಥಿಗಳು ಒಂದು ಕಥಾಸಂಕಲನ ತೆಗೆದುಕೊಂಡು ಬರೀ ಕ್ರಿಯಾಪದಗಳನ್ನು ಪಟ್ಟಿ ಮಾಡಿ ನೋಡಲಿ. ಕ್ಷೇತ್ರಕಾರ್ಯಕ್ಕೆ ಹೋದವರು 'ನಿಮ್ಮನ್ನ ಏನಂತ ಬರೀಲಿ?' ಎಂದು ಮೊದಲು ಕೇಳಲಿ, ಹೇಳಿದ್ದನ್ನೇ ಬರೆಯಲಿ. ಹೊಸ ಹೆಸರು ಹುಡುಕುವುದಕ್ಕಿಂತ ಮೊದಲು ಇರುವ ಹೆಸರಿಗೆ 'ಬರ್ರಿ' ಅನ್ನುವುದನ್ನು ಕಲಿಯಬೇಕಾಗಿದೆ.